ನಲವತ್ತು ಅಂಗಿಗೆ ಕೊಟ್ಟ ಮಾತು

ಕಾಮಯಗೌಂಡನ್‌ಪಟ್ಟಿ

ನಾನು ಇಂಗ್ಲೆಂಡಿಗೆ ಹೊರಟಾಗ ಊರಿನವರೆಲ್ಲ ಚಳಿಯ ವಿಷಯ ಹೇಳಿ ಹೆದರಿಸಿದರು. ಚಳಿ ನನ್ನನ್ನು ಏನೂ ಮಾಡಲಿಲ್ಲ. ಮೂರು ವಾರ ಅಲ್ಲಿದ್ದು ಮರಳಿ ಬಂದ ಮೇಲೂ ಮೈಯಿಂದ ಇಳಿಯದೆ ಉಳಿದಿರುವುದು ಸಿಟ್ಟು. ಯಾರ ಮೇಲೆ ಎಂದು ಮುಚ್ಚಿಡುವುದಿಲ್ಲ. ನಮ್ಮವರ ಮೇಲೆ.

ನಮ್ಮವರು ಎಂದರೆ ಯಾರೆಂದು ಕನ್ನಡ ನಾಡಿನ ಓದುಗರಿಗೆ ಹೇಳಬೇಕು. ಎಷ್ಟೋ ತಲೆಮಾರಿನ ಹಿಂದೆ ಕನ್ನಡ ಸೀಮೆಯಿಂದ ದನಕರು ಹೊಡೆದುಕೊಂಡು ದಕ್ಷಿಣಕ್ಕೆ ಬಂದು, ಕಂಬಂ ಕಣಿವೆಯಿಂದ ದಿಂಡಿಗಲ್ಲಿನವರೆಗೆ ಹೊಲ ಹಿಡಿದು ನಿಂತ ಜನ ನಾವು. ಮನೆಯೊಳಗೆ ಕನ್ನಡ, ಅದರಲ್ಲೂ ಅರ್ಧ ತಮಿಳು. ಹೊಸ್ತಿಲು ದಾಟಿದರೆ ಪೂರಾ ತಮಿಳು. ನಾನು ದಿಂಡಿಗಲ್ಲಿನ ಒಂದು ಮಿಷನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತೆ. ಬೆಳಿಗ್ಗೆ ಐದಕ್ಕೆ ಗಂಟೆ, ಐದೂವರೆಗೆ ಉಗುರು ತಪಾಸಣೆ, ಹಾಸಿಗೆಯ ಬಟ್ಟೆಯ ಮೂಲೆ ಸರಿಯಾಗಿ ಮಡಚದಿದ್ದರೆ ಮತ್ತೆ ಮೊದಲಿಂದ. ಆಮೇಲೆ ಇಪ್ಪತ್ತೆರಡು ವರ್ಷ ಮೈಸೂರಿನಲ್ಲಿ ಕೆಲಸ. ಓದುಬರಹದ ಕನ್ನಡ ಕಲಿತದ್ದು ಅಲ್ಲಿ. ಮೇಟ್ರನ್ ಆಗಿ ನಿವೃತ್ತಳಾಗಿ ಊರಿಗೆ ಬಂದೆ. ಈಗಲೂ ಐದಕ್ಕೆ ಏಳುತ್ತೇನೆ. ಹೇಳಿದ ಹೊತ್ತಿಗಿಂತ ಐದು ನಿಮಿಷ ಮುಂಚೆ ಇರುತ್ತೇನೆ.

ತಂಗಿಯ ಮಗಳು ಕವಿತಾ ಉತ್ತರ ಇಂಗ್ಲೆಂಡಿನ ಒಂದು ಹಳೆಯ ಗಿರಣಿ ಊರಿನಲ್ಲಿ ನರ್ಸು. ಅವಳಿಗೆ ಪಿತ್ತಕೋಶದ ಆಪರೇಷನ್ ಆಯಿತು. ನೋಡಿಕೊಳ್ಳುವವರು ಬೇಕು ಎಂದಳು, ಹೋದೆ. ವಿಮಾನ, ರೈಲು, ಸೇತುವೆ, ಗಡಿಯಾರ ಗೋಪುರಗಳ ಬಗ್ಗೆ ಬರೆಯುವವರು ಬೇರೆ ಇದ್ದಾರೆ.

ಮೊದಲ ಬೆಳಗು, ಬಾಗಿಲ ಹೊರಗೆ

ಹೋದ ಮರುದಿನವೇ ಬುದ್ಧಿ ಬಂತು. ಎಂದಿನಂತೆ ಐದಕ್ಕೆ ಎದ್ದು, ಚೊಂಬಿನಲ್ಲಿ ನೀರು ಹಿಡಿದು, ಹೊಸ್ತಿಲು ತೊಳೆಯಲೆಂದು ಹೊರಗೆ ಕಾಲಿಟ್ಟೆ. ಹಿಂದೆ ಬಾಗಿಲು ತಾನಾಗಿ ಮುಚ್ಚಿ ಬೀಗ ಹಾಕಿಕೊಂಡಿತು. ಅಲ್ಲಿಯ ಬಾಗಿಲುಗಳ ಜಾತಿಯೇ ಹಾಗಂತೆ. ಒಳಗೆ ಕವಿತಾ ನೋವಿನ ಮಾತ್ರೆ ನುಂಗಿ ಮಲಗಿದ್ದಳು. ಗಂಟೆ ಒತ್ತಿದೆ, ಬಡಿದೆ, ಏಳಲಿಲ್ಲ. ಸೀರೆ, ಸ್ವೆಟರು, ಖಾಲಿ ಚೊಂಬು ಇವುಗಳೊಂದಿಗೆ ನಾನು ಆ ದೇಶದ ಬೀದಿಯಲ್ಲಿ ಮುಕ್ಕಾಲು ಗಂಟೆ ನಿಂತೆ.

ಆರು ಹೊಡೆಯುವಾಗ ಪಕ್ಕದ ಮನೆಯ ಬಾಗಿಲು ತೆರೆಯಿತು. ಎತ್ತರದ ಮುದುಕಿ, ತಲೆಗೆ ಬಟ್ಟೆ ಕಟ್ಟಿದ್ದರು, ಕೈಯಲ್ಲಿ ಕಸಬರಿಗೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಒದ್ದೆಯಾಗಿದ್ದ ನಮ್ಮ ಹೊಸ್ತಿಲನ್ನೂ ನೋಡಿದರು.

"ದಿನವೂ ಎಷ್ಟು ಗಂಟೆಗೆ ಏಳುತ್ತೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಐದಕ್ಕೆ."

"ಸರಿ. ಒಳಗೆ ಬನ್ನಿ."

ಹೆಸರು, ಊರು, ದೇಶ ಯಾವುದನ್ನೂ ಅವರು ಮೊದಲು ಕೇಳಲಿಲ್ಲ. ಹಾಲಿಲ್ಲದ ಚಹಾ, ಕರಿ ರೊಟ್ಟಿಯ ಒಂದು ಹೋಳು ಮುಂದಿಟ್ಟು, ತಮ್ಮ ಮೆಟ್ಟಿಲು ಗುಡಿಸಿ ಮುಗಿಸಿದ ಮೇಲೆಯೇ ಬಂದು ಎದುರು ಕೂತರು. ಹೆಸರು ಹಲೀನಾ. ತಂದೆ ತಾಯಿ ಉಕ್ರೇನಿನವರು. ಮಹಾಯುದ್ಧ ಮುಗಿದಾಗ ಮನೆಗೆ ಮರಳುವ ದಾರಿ ಮುಚ್ಚಿಹೋಗಿ, ಈ ಊರಿನ ಉಣ್ಣೆ ಗಿರಣಿಗಳಿಗೆ ಕೂಲಿಗೆ ಬಂದವರು. ಹಲೀನಾ ಹುಟ್ಟಿದ್ದು ಇಲ್ಲಿಯೇ. ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ನಾನು ಮೇಟ್ರನ್ ಆಗಿದ್ದೆ ಎಂದು ತಿಳಿದ ಮೇಲೆ ಕೊನೆಯ ದಿನದವರೆಗೂ ನನ್ನನ್ನು ಬೇರೆ ಹೆಸರಿನಿಂದ ಕರೆಯಲಿಲ್ಲ.

"ಮೇಟ್ರನ್, ಗುರುವಾರ ಎರಡು ಗಂಟೆಗೆ ನಮ್ಮವರು ಸೇರುವ ಹಾಲ್ ಇದೆ, ಅಲ್ಲಿಗೆ ಬನ್ನಿ. ಕೈಗಳು ಬೇಕು" ಎಂದರು.

ಗುರುವಾರ, ಹಾಲ್

ಅವರ ಹಾಲ್ ಒಂದು ಕಲ್ಲಿನ ಕಟ್ಟಡ. ಗಿರಣಿಯಲ್ಲಿ ದುಡಿದು ಬಂದ ಮೇಲೆ ಸಂಜೆ ಸಂಜೆ ಹಲೀನಾರ ಅಪ್ಪ ಮತ್ತು ಅವರ ಜೊತೆಯವರು ತಾವೇ ನೆಲಕ್ಕೆ ಹಲಗೆ ಹಾಕಿದ್ದಂತೆ. ನಾನು ಎರಡಕ್ಕೆ ಹತ್ತು ನಿಮಿಷವಿರುವಾಗ ತಲುಪಿದೆ. ನನಗಿಂತ ಮುಂಚೆ ಏಳು ಹೆಂಗಸರು ಬಾಗಿಲ ಮುಂದೆ ಸಾಲಾಗಿ ನಿಂತಿದ್ದರು. ಹಲೀನಾರ ಕೈಯಲ್ಲಿ ಬೀಗದ ಕೈ ಇತ್ತು. ಆದರೂ ಎರಡು ಗಂಟೆಯಾಗುವವರೆಗೆ ಅವರು ಬೀಗ ತೆಗೆಯಲಿಲ್ಲ, ತೆಗೆಯಿರೆಂದು ಯಾರೂ ಹೇಳಲಿಲ್ಲ. ನನಗೆ ಆ ಜನ ಅಲ್ಲಿಯೇ ಹಿಡಿಸಿದರು.

ಒಳಗೆ ಹೋದರೆ ಸ್ವಾಗತ ಭಾಷಣವಿಲ್ಲ, ಹೂವಿಲ್ಲ. ಒಂದು ಏಪ್ರನ್ ಕೊಟ್ಟರು, ಕೈ ತೊಳೆಯುವ ಜಾಗ ತೋರಿಸಿದರು. ತೊಳೆದು ಬಂದಾಗ ಹಲೀನಾ ನನ್ನ ಉಗುರು ನೋಡಿದರು. ದಿಂಡಿಗಲ್ ಬಿಟ್ಟ ಮೇಲೆ ನನ್ನ ಉಗುರನ್ನು ಯಾರೂ ನೋಡಿರಲಿಲ್ಲ.

ಎರಡು ಉದ್ದ ಮೇಜುಗಳಿದ್ದವು. ಒಂದರ ಮೇಲೆ ಹಿಟ್ಟು, ಇನ್ನೊಂದರ ಮೇಲೆ ಬಟ್ಟೆ. ಹಿಟ್ಟಿನ ಮೇಜಿನಲ್ಲಿ ಆಲೂಗಡ್ಡೆ ತುಂಬಿದ ಕಡುಬು ಮಾಡುತ್ತಾರೆ. ಅದನ್ನು ಭಾನುವಾರ ಊರಿನವರಿಗೆ ಮಾರಿ ಬಂದದ್ದರಲ್ಲಿ ದಾರ, ಬಟ್ಟೆ, ಔಷಧ ಕೊಂಡು ವ್ಯಾನಿನಲ್ಲಿ ಉಕ್ರೇನಿನ ಯುದ್ಧದ ಗಾಯಾಳುಗಳಿಗೆ ಕಳಿಸುತ್ತಾರೆ. ನನ್ನನ್ನು ಮೊದಲು ಅಲ್ಲಿ ಕೂರಿಸಿದರು. ನಾನು ನಮ್ಮ ಕೊಳಕಟ್ಟೆ ಕಡುಬಿನಂತೆ ಅಂಚಿಗೆ ನೆರಿಗೆ ಹಿಡಿದು ಅಂದವಾಗಿ ಹನ್ನೆರಡು ಮಾಡಿಟ್ಟೆ. ಎದುರು ಕೂತಿದ್ದ ದಾರಿಯಾ ಎಂಬ ದಪ್ಪನೆಯ ಹೆಂಗಸು ಅವನ್ನು ಒಂದೊಂದಾಗಿ ಎತ್ತಿ ಬೇರೆ ತಟ್ಟೆಗೆ ಹಾಕಿದರು.

"ಚಂದವಿದೆ. ಆದರೆ ಅಂಚು ದಪ್ಪ. ಉಳಿದವು ಬೇಯುವಾಗ ಇವು ಹಸಿ ಇರುತ್ತವೆ. ಇವನ್ನು ನಾವೇ ತಿನ್ನೋಣ" ಎಂದರು.

ನನ್ನನ್ನು ಬಟ್ಟೆಯ ಮೇಜಿಗೆ ಕಳಿಸಿದರು. ಅಲ್ಲಿ ಹೊಲಿಯುತ್ತಿದ್ದ ಅಂಗಿ ನೋಡಿದಾಗ ನನ್ನೊಳಗಿನ ನರ್ಸು ಎದ್ದು ಕೂತಳು. ಎರಡೂ ಬದಿಗೆ, ತೋಳಿನ ಉದ್ದಕ್ಕೂ ಹೊಲಿಗೆಯ ಬದಲು ವೆಲ್ಕ್ರೋ ಪಟ್ಟಿ. ಮೂಳೆ ಮುರಿದು ಹೊರಗಿನಿಂದ ಕಬ್ಬಿಣದ ಸರಳು ಹಾಕಿಸಿಕೊಂಡವರಿಗೆ, ತೋಳು ಹೋದವರಿಗೆ ಮಾಮೂಲಿ ಅಂಗಿ ತೊಡಿಸಲಾಗುವುದಿಲ್ಲ. ಇದನ್ನು ಮೈಮೇಲೆ ಹಾಸಿ ಬದಿಯಲ್ಲಿ ಅಂಟಿಸಿದರಾಯಿತು. ಬಟ್ಟೆ ಮೆತ್ತನೆಯ ಹತ್ತಿಯದೇ ಆಗಬೇಕು. ಗಾಯಕ್ಕೆ ತಾಗುತ್ತದಲ್ಲ.

ನಮ್ಮೂರಿನ ಆಸ್ಪತ್ರೆಯಲ್ಲಿ ಕಾಲಿಗೆ ಸರಳು ಹಾಕಿದ ಗಂಡಸರಿಗೆ ಲುಂಗಿ ಸಾಕು, ಪ್ಯಾಂಟಿನ ತಾಪತ್ರಯವೇ ಇಲ್ಲ ಎಂದು ಹೇಳಿದೆ. ಹಲೀನಾ ಕೂಡಲೇ ಎರಡು ಗಜ ಬಟ್ಟೆ ಎಳೆದು ಕೊಟ್ಟು, ಕಟ್ಟಿ ತೋರಿಸಿ ಎಂದರು. ದಾರಿಯಾರ ಸೊಂಟಕ್ಕೆ ಕಟ್ಟಿ ತೋರಿಸಿದೆ. ದಾರಿಯಾ ಕಡುಬಿನ ತಟ್ಟೆ ಹಿಡಿದು ಕಂಬಂ ಸಂತೆಯ ವ್ಯಾಪಾರಿಯಂತೆ ಒಂದು ಸುತ್ತು ನಡೆದರು. ಎಲ್ಲರೂ ನಕ್ಕರು. ಹಲೀನಾ ಮಾತ್ರ ಗಂಡಸರ ಚಡ್ಡಿಯ ಅಳತೆಯ ಪುಸ್ತಕ ತೆಗೆದು ಲುಂಗಿಯ ಉದ್ದ ಅಗಲ ಬರೆದುಕೊಂಡರು.

ಆಮೇಲೆ ತಿಳಿಯಿತು, ಹಲೀನಾ ಮತ್ತು ದಾರಿಯಾ ಮಧ್ಯೆ ಎರಡು ವರ್ಷದಿಂದ ಮಾತಿಲ್ಲ. ಕ್ರಿಸ್ಮಸ್ ಹಬ್ಬವನ್ನು ಹಳೆಯ ಪಂಚಾಂಗದಂತೆ ಜನವರಿಯಲ್ಲಿ ಮಾಡಬೇಕೋ, ಹೊಸದರಂತೆ ಡಿಸೆಂಬರಿನಲ್ಲೋ ಎಂಬುದೇ ಜಗಳ. ಸಾಲದ್ದಕ್ಕೆ ಇಬ್ಬರ ಚರ್ಚೂ ಬೇರೆ ಬೇರೆ.

"ಮಾತಿಲ್ಲದೆ ಒಂದೇ ಕೋಣೆಯಲ್ಲಿ ಹೇಗೆ ಕೆಲಸ ಮಾಡುತ್ತೀರಿ?" ಎಂದು ದಾರಿಯಾರನ್ನು ಕೇಳಿದೆ.

"ಕತ್ತರಿ ಕೊಡುವುದಕ್ಕೆ ಮಾತು ಯಾಕೆ? ಕೈ ಚಾಚಿದರೆ ಕೊಡುತ್ತಾಳೆ. ಜಗಳ ನಮ್ಮದು. ಗಾಯ ಹುಡುಗರದು" ಎಂದರು.

ಒಗ್ಗಟ್ಟು ಎಂಬ ಮಾತು ಆ ಹಾಲಿನಲ್ಲಿ ಒಂದು ಸಲವೂ ನನ್ನ ಕಿವಿಗೆ ಬೀಳಲಿಲ್ಲ. ಮೂರನೆಯ ತಲೆಮಾರಿನ ಮಕ್ಕಳು ಶಾಲೆ ಮುಗಿಸಿ ಬಂದು ಪೆಟ್ಟಿಗೆ ಕಟ್ಟುತ್ತಿದ್ದರು. ಅಜ್ಜಿಯರು ಉಕ್ರೇನಿನ ಮಾತಿನಲ್ಲಿ ಹೇಳಿದರೆ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದರು. ಥೇಟ್ ನಮ್ಮ ಮೊಮ್ಮಕ್ಕಳು. ಎಲ್ಲ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಬೇರೆ ಭಾಷೆ.

ಮುಂದಿನ ಶನಿವಾರ ಬೆಳಿಗ್ಗೆ ಆರಕ್ಕೆ ವ್ಯಾನು ಹೊರಡಬೇಕಿತ್ತು. ಉಕ್ರೇನಿನ ಒಂದು ಆಸ್ಪತ್ರೆ ನಾಲ್ಕು ಪೆಟ್ಟಿಗೆ ಅಂಗಿ ಕೇಳಿತ್ತು, ಪೆಟ್ಟಿಗೆಗೆ ನಲವತ್ತು. ಮೂರು ತುಂಬಿದ್ದವು. ನಾಲ್ಕನೆಯದಕ್ಕೆ ಬಟ್ಟೆಯೂ ಇಲ್ಲ, ಕೈಗಳೂ ಸಾಲವು ಎಂದು ಹಲೀನಾ ಹೇಳುತ್ತಿದ್ದರು. ಆಗ ನಾನು ಬಾಯಿ ಹಾಕಿದೆ.

"ಈ ಊರಿನಲ್ಲಿ ನಮ್ಮ ಕಡೆಯ ಮೂವತ್ತು ಮನೆಗಳಿವೆ. ಒಂದೊಂದು ಮನೆಯಲ್ಲೂ ಮದುವೆ, ಗೃಹಪ್ರವೇಶಗಳಲ್ಲಿ ಬಂದ ಹತ್ತಿಯ ಪಂಚೆಗಳ ರಾಶಿ ಇದೆ, ಉಡುವವರಿಲ್ಲ. ನಾಲ್ಕನೆಯ ಪೆಟ್ಟಿಗೆ ನಮ್ಮದು. ಗುರುವಾರ ಎರಡು ಗಂಟೆಗೆ ಬಟ್ಟೆಯೊಂದಿಗೆ ಆರು ಹೆಂಗಸರನ್ನು ಕರೆತರುತ್ತೇನೆ."

ಹಲೀನಾ ಖಾಲಿ ಪೆಟ್ಟಿಗೆಯೊಂದನ್ನು ಎಳೆದು, ದಪ್ಪ ಮಸಿಯಲ್ಲಿ 40 ಎಂದು ಬರೆದರು. ಆ ಸಂಖ್ಯೆ ನೋಡಿ ಅಲ್ಲಿಯ ನರ್ಸು ಯಾವ ವಾರ್ಡಿಗೆ ಯಾವ ಪೆಟ್ಟಿಗೆ ಎಂದು ಮೊದಲೇ ಗೊತ್ತುಮಾಡುತ್ತಾಳೆ ಎಂದು ವಿವರಿಸಿದರು. ನನಗೆ ವಿವರಿಸಬೇಕಾಗಿರಲಿಲ್ಲ. ಪೆಟ್ಟಿಗೆಯ ಮೇಲಿನ ಸಂಖ್ಯೆ ನಂಬಿ ಹಾಸಿಗೆ ಹಾಸಿಗೆಗೆ ಹಂಚುತ್ತ ಹೋಗಿ ಕೊನೆಗೆ ಕೈ ಬರಿದಾಗುವ ಸಂಕಟ ನಾನು ಕಂಡವಳು.

ಭಾನುವಾರ, ಜಯರಾಮನ ಮನೆ

ನಮ್ಮ ಕಡೆಯವರ ಸಂಘದ ಅಧ್ಯಕ್ಷ ಜಯರಾಮ. ನಿಲಕ್ಕೋಟ್ಟೈಯವನು, ಹೂವು ಬೆಳೆಯುವ ಮನೆತನ. ಇಂಗ್ಲೆಂಡಿನಲ್ಲಿ ದೊಡ್ಡ ಕಿರಾಣಿ ಅಂಗಡಿ. ಹೆಂಡತಿ ಮಲ್ಲಿಕಾ ಚಿನ್ನಾಳಪಟ್ಟಿಯವಳು, ಎಂಟು ಮಾತಿಗೆ ಒಂದು ಮಾತಾಡುವವಳು. ಕವಿತಾಳನ್ನು ನಿಧಾನವಾಗಿ ಬಸ್ಸಿಗೆ ಹತ್ತಿಸಿಕೊಂಡು ಅವರ ಮನೆಗೆ ಹೋಗಿ ವಿಷಯ ಹೇಳಿದೆ.

"ದೊಡ್ಡವ್ವಾ, ನೀವು ಕವಲೆಪಡಬೇಡಿ" ಎಂದ ಜಯರಾಮ. ಚಿಂತೆ ಬೇಡ ಎಂಬುದಕ್ಕೆ ನಾವು ಹಾಗನ್ನುತ್ತೇವೆ. "ಅದು ನನ್ ಪೊರುಪ್ಪು, ನನ್ ಹೊಣೆ. ಬಟ್ಟೆಯೂ ಬರ್ತದೆ, ಹೆಂಗಸ್ರೂ ಬರ್ತವ್ರೆ. ನಮ್ಮ ಜನ ಅಂದ್ರೆ ಏನು ಅಂತ ಈ ಊರಿಗೆ ತೋರಿಸ್ಬುಡಾಣ."

"ತೋರಿಸೋದು ಬೇಡಪ್ಪಾ. ಹತ್ತಿ ಪಂಚೆ, ಆರು ಹೆಂಗಸರು, ಗುರುವಾರ ಎರಡು ಗಂಟೆ. ಬರಕೋ."

"ಬರಕೊಳ್ಳೋದು ಎದಕ್ಕೆ ದೊಡ್ಡವ್ವಾ? ಮನಸಲ್ಲಿ ಅದೆ."

"ಪಾಂಡಿಯನ್ ಕಡೆಯವ್ರಿಗೂ ಹೇಳ್ಬೇಕಲ್ವ?" ಎಂದಳು ಕವಿತಾ. ಜಯರಾಮನ ಮುಖ ಹುಳಿಯಾಯಿತು. ಮೂವತ್ತು ಮನೆಗೆ ಎರಡು ಸಂಘಗಳಾಗಿದ್ದವು. ಬೋಡಿನಾಯಕನೂರಿನ ಪಾಂಡಿಯನ್ ಹೋದ ವರ್ಷ ಬೇರೆಯಾಗಿದ್ದ. ಕಾರಣ, ಪೊಂಗಲ್ ಹಬ್ಬದ ಫ್ಲೆಕ್ಸಿನಲ್ಲಿ ಅವನ ಫೋಟೋ ಜಯರಾಮನದಕ್ಕಿಂತ ಚಿಕ್ಕದಾಗಿ ಬಂದದ್ದು. ಇದನ್ನು ನನಗೆ ಹೇಳುವಾಗ ಕವಿತಾ ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಬೋಡಿಯಿಂದ ಏಲಕ್ಕಿ ತೋಟಕ್ಕೆ ಹೋಗುವ ಜೀಪಿಗೆ ಬೆಳಗಿನ ಜಾವ ಹತ್ತುವ ಹೆಂಗಸರನ್ನು ನಾನು ಬಲ್ಲೆ. ಯಾರು ಮುಂದೆ ಕೂರಬೇಕೆಂದು ಅವರು ಜಗಳವಾಡುತ್ತಾರೆ, ಬೈದಾಡುತ್ತಾರೆ, ಜೀಪು ಮಾತ್ರ ತಡವಾಗುವುದಿಲ್ಲ. ಒಬ್ಬಳಿಗೆ ಜ್ವರವಾದರೆ ಅವಳ ಸಾಲನ್ನೂ ಉಳಿದವರು ಬಿಡಿಸಿ ಮುಗಿಸುತ್ತಾರೆ. ಅಂಥವರ ಹೊಟ್ಟೆಯಲ್ಲಿ ಹುಟ್ಟಿದವರು ಫೋಟೋದ ಅಳತೆಗೆ ಮನೆ ಒಡೆಯುತ್ತಾರೆ.

ಮತ್ತೆ ಗುರುವಾರ

ಎರಡಕ್ಕೆ ಹತ್ತು ನಿಮಿಷವಿರುವಾಗ ನಾನು ಹಾಲಿನ ಮುಂದೆ ನಿಂತೆ. ಎರಡಾಯಿತು. ಹಲೀನಾ ಬೀಗ ತೆಗೆದರು. ನಮ್ಮ ಆರು ಹೆಂಗಸರಿಗಾಗಿ ಆರು ಏಪ್ರನ್‌ಗಳನ್ನು ಮಡಚಿ ಮೇಜಿನ ಮೇಲೆ ಇಟ್ಟಿದ್ದರು. ಎರಡೂಕಾಲಾಯಿತು. ಎರಡೂವರೆಯಾಯಿತು. ಬೀದಿಯಲ್ಲಿ ಬರುವ ಪ್ರತಿ ಕಾರನ್ನೂ ನೋಡಿದೆ. ಜಯರಾಮನಿಗೆ ಫೋನು ಮಾಡಿದೆ.

"ಅಯ್ಯೋ ದೊಡ್ಡವ್ವಾ, ಹೇಳೋಕೆ ಮರತೇಬುಟ್ಟೆ! ಸುಮ್ಮನೆ ಬಟ್ಟೆ ಕೊಟ್ಟು ಬಂದ್ರೆ ಏನ್ ಮರಿಯಾದೆ? ನಾಳೆ ನಾಲ್ಕಕ್ಕೆ ದೊಡ್ಡ ವಿಳಾ ಇಟ್ಟೀವಿ. ಕೌನ್ಸಿಲರ್ ಬರ್ತವ್ರೆ."

ವಿಳಾ ಎಂದರೆ ಸಮಾರಂಭ.

"ಹೆಂಗಸರು ಎಲ್ಲಿ ಜಯರಾಮಾ?"

"ಎಲ್ಲಾ ನಮ್ಮನೆಯಲ್ಲೇ ಅವ್ರೆ. ಕುಮ್ಮಿ ಪ್ರಾಕ್ಟೀಸ್ ಮಾಡ್ತವ್ರೆ."

ನಾಲ್ಕನೆಯ ಪೆಟ್ಟಿಗೆ ಬಾಯಿ ತೆರೆದು ಕಾದಿರುವಾಗ ನಮ್ಮ ಆರು ಹೆಂಗಸರು ಚಪ್ಪಾಳೆ ತಟ್ಟಿ ಸುತ್ತು ತಿರುಗುತ್ತಿದ್ದರು. ನಾನು ಫೋನು ಇಟ್ಟು, ಮನೆಗೆ ಹೋಗಿ, ಕವಿತಾಳ ಅಲಮಾರಿಯಲ್ಲಿದ್ದ ಪಂಚೆಗಳನ್ನೂ ಎರಡು ಹತ್ತಿ ಹೊದಿಕೆಗಳನ್ನೂ ಎತ್ತಿಕೊಂಡು ಬಂದೆ. ಹಲೀನಾ ಆರು ಏಪ್ರನ್‌ಗಳಲ್ಲಿ ಐದನ್ನು ಎತ್ತಿ ಕಪಾಟಿನಲ್ಲಿಟ್ಟರು. ಒಂದನ್ನು ನನಗೆ ಕೊಟ್ಟರು.

ನಾನು ಕತ್ತರಿಸಿದೆ. ತಮ್ಮ ಪಾಲಿನ ಕೆಲಸ ಮುಗಿಸಿದವರು ಒಬ್ಬೊಬ್ಬರಾಗಿ ನಮ್ಮ ಪೆಟ್ಟಿಗೆಗೆ ಹೊಲಿದರು. ಸಂಜೆ ಎಂಟಕ್ಕೆ ಬೀಗ ಹಾಕುವ ಹೊತ್ತಿಗೆ ಹದಿನಾಲ್ಕು ಅಂಗಿಗಳಾಗಿದ್ದವು.

ಶುಕ್ರವಾರ, ವಿಳಾ

ಬೆಳಿಗ್ಗೆಯಿಂದ ಕೂತು ಮತ್ತೆ ಹತ್ತು ಮುಗಿಸಿದೆವು. ಇನ್ನೂ ಹದಿನಾರು ಬಾಕಿ. ಬಟ್ಟೆಯೂ ಮುಗಿಯುತ್ತ ಬಂದಿತ್ತು. ನಾಲ್ಕಕ್ಕೆ ಬರಬೇಕಾದ ನಮ್ಮವರು ಐದೂವರೆಗೆ ಬಂದರು. ಮೊದಲು ಒಳಗೆ ಬಂದದ್ದು ಮೈಕು. ಆಮೇಲೆ ಫ್ಲೆಕ್ಸು, ಅದರಲ್ಲಿ ಜಯರಾಮನ ಮುಖ ಆಳೆತ್ತರ. ಮೂಲೆಯಲ್ಲಿ ಅಂಚೆ ಚೀಟಿಯಷ್ಟು ಉಕ್ರೇನ್ ಧ್ವಜ. ಅದನ್ನೂ ತಲೆಕೆಳಗಾಗಿ ಅಚ್ಚು ಹಾಕಿಸಿದ್ದರು, ಹಳದಿ ಮೇಲೆ, ನೀಲಿ ಕೆಳಗೆ. ಪಾಂಡಿಯನ್ ಕಡೆಯವರು ಒಬ್ಬರೂ ಇರಲಿಲ್ಲ. ಆಹ್ವಾನದಲ್ಲಿ ಅವನ ಹೆಸರು ಎರಡನೆಯದಾಗಿತ್ತಂತೆ.

ಹೊಲಿಗೆ ಮೇಜನ್ನು ಬದಿಗೆ ತಳ್ಳಿ ವೇದಿಕೆ ಮಾಡಬೇಕೆಂದರು. ಹಲೀನಾ ಮೇಜಿನ ಮೇಲೆ ಅಂಗೈ ಊರಿ ನಿಂತರು. ಮೇಜು ಕದಲಲಿಲ್ಲ. ವೇದಿಕೆ ಬಾಗಿಲ ಹತ್ತಿರ ಆಯಿತು.

"ಬಟ್ಟೆ ಎಲ್ಲಿ?" ಎಂದು ಜಯರಾಮನನ್ನು ಕೇಳಿದೆ.

"ಇದೋ ದೊಡ್ಡವ್ವಾ" ಎಂದು ಹೊಳೆಯುವ ಚೀಲ ತೆರೆದ. ಒಳಗೆ ಹನ್ನೊಂದು ಪೊನ್ನಾಡೆಗಳು, ಸನ್ಮಾನಕ್ಕೆ ಹೊದಿಸುವ ಜರಿಯಂಚಿನ ಶಾಲುಗಳು.

"ಹತ್ತಿ ಪಂಚೆ ಹೇಳಿದ್ದೆನಲ್ಲ?"

"ಹಳೇ ಪಂಚೆ ಕೊಡೋದಾ? ಅಸಿಂಗ ದೊಡ್ಡವ್ವಾ, ನಾಚಿಗ್ಗೇಡು. ದೊಡ್ಡವ್ರಿಗೆ ಮೊದಲು ಮರಿಯಾದೆ ಮಾಡ್ಬೇಕು, ಕೆಲಸ ಆಮೇಲೆ. ಇದು ನಮ್ಮ ಪಳಕ್ಕ ಅಲ್ವ?"

ಪಳಕ್ಕವೇ, ರೂಢಿಯೇ. ನಮ್ಮ ಕಡೆ ಬಸ್ ನಿಲ್ದಾಣಕ್ಕೆ ನೀರಿನ ತೊಟ್ಟಿ ಇಟ್ಟರೂ ಮೊದಲು ಹತ್ತು ಜನರಿಗೆ ಶಾಲು ಹೊದಿಸುತ್ತೇವೆ. ತೊಟ್ಟಿಗೆ ನೀರು ಬಂತೋ ಎಂದು ಕೇಳುವವರಿಲ್ಲ. ಆ ಪಳಕ್ಕವನ್ನು ಏಳು ಸಮುದ್ರ ದಾಟಿಸಿ ಇಸ್ತ್ರಿ ಮಾಡಿ ತಂದಿದ್ದರು.

ದಾರಿಯಾ ಒಂದು ಶಾಲನ್ನು ಬೆರಳ ನಡುವೆ ಉಜ್ಜಿ ನೋಡಿದರು. ಜರಿ ಅವರ ಚರ್ಮಕ್ಕೆ ಚುಚ್ಚಿತು. ಅವರು ಹಲೀನಾರ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಹಲೀನಾ ಉತ್ತರ ಕೊಟ್ಟರು. ಮೇಜಿನ ಸುತ್ತ ಕೂತವರೆಲ್ಲ ಸೂಜಿ ನಿಲ್ಲಿಸಿ ನೋಡಿದರು. ಎರಡು ವರ್ಷದ ಮೌನ ಮುರಿದ ಕೀರ್ತಿ ನಮ್ಮ ಸಂಘಕ್ಕೆ ಸಲ್ಲಬೇಕು. ಏನೆಂದರು ಎಂದು ಪಕ್ಕದವಳನ್ನು ಕೇಳಿದೆ. "ಇದನ್ನು ಗಾಯದ ಮೇಲೆ ಹಾಕಿದರೆ ಹುಡುಗ ಕಿರುಚುತ್ತಾನೆ ಅಂದಳು ದಾರಿಯಾ. ಅದಕ್ಕೆ ಹಲೀನಾ, ಪಾಪ, ಒಳ್ಳೆಯ ಮನಸ್ಸಿನಿಂದ ತಂದಿದ್ದಾರೆ, ಬಾಯಿ ಮುಚ್ಚು ಅಂದಳು."

ಭಾಷಣ ಶುರುವಾಯಿತು. ಜಯರಾಮ ಒತ್ತುಮೆ, ಒತ್ತುಮೆ ಎಂದು ಗಂಟಲು ಹರಿದುಕೊಂಡ. ಒಗ್ಗಟ್ಟಿನ ಬಗ್ಗೆ ಅಷ್ಟು ಜೋರಾಗಿ ಮಾತಾಡುತ್ತಿದ್ದವನ ಹಿಂದೆ ಅರ್ಧ ಊರು ಬಂದಿರಲಿಲ್ಲ. ಕೌನ್ಸಿಲರಿಗೆ ಶಾಲು ಬಿತ್ತು. ಹಲೀನಾರನ್ನು ಕರೆದರು. ಅವರು ವೆಲ್ಕ್ರೋ ಹೊಲಿಯುತ್ತಿದ್ದ ಅಂಗಿ ಕೈಯಲ್ಲಿ ಹಿಡಿದೇ ಹೋಗಿ, ಶಾಲು ಹೊದಿಸಿಕೊಂಡು, ಫೋಟೋ ಆಗುವವರೆಗೆ ನಿಂತಲ್ಲೇ ನಾಲ್ಕು ಹೊಲಿಗೆ ಹಾಕಿ, ಬಂದು ಕೂತರು. ಆಮೇಲೆ ಮೈಕಿನಲ್ಲಿ, "ನಮ್ಮ ದೊಡ್ಡವ್ವ ಎರಡು ಮಾತು" ಎಂದರು.

ಹೋಗಿ ಮೈಕಿನ ಸ್ವಿಚ್ಚು ಆರಿಸಿದೆ. ವಾರ್ಡಿನಲ್ಲಿ ನನಗೆ ಮೈಕು ಇರಲಿಲ್ಲ.

"ನಾಳೆ ಬೆಳಿಗ್ಗೆ ಆರಕ್ಕೆ ವ್ಯಾನು ಹೋಗ್ತದೆ. ಹದಿನಾರು ಅಂಗಿ ಬಾಕಿ ಅದೆ. ಮಾತು ಕೊಟ್ಟವಳು ನಾನು, ನಂಬಿದ್ದು ನಿಮ್ಮನ್ನ. ಕುಮ್ಮಿ ಆಮೇಲೆ. ಕೈ ತೊಳೆದು ಬಂದು ಕೂತ್ಕೊಳ್ಳಿ. ಕಾರಿನಲ್ಲಿ ಬಂದವರು ಮನೆಗೆ ಹೋಗಿ ಹತ್ತಿ ಪಂಚೆ ತನ್ನಿ."

ಒಬ್ಬ ಮೆಲ್ಲಗೆ, "ಬಿರಿಯಾನಿ ಆರೋಗ್ತದೆ" ಎಂದ. ಎಲ್ಲರೂ ಎದ್ದರು. ಪಾರ್ಕಿಂಗ್ ಸಮಯ ಮುಗಿಯಿತು ಎಂದರು, ಮಗುವಿಗೆ ನಿದ್ದೆ ಎಂದರು, ರೇಷ್ಮೆ ಸೀರೆಯಲ್ಲಿ ಹೊಲಿಯೋದು ಹೆಂಗೆ ಎಂದರು. ಮೂವರು ಉಳಿದರು. ಆಪರೇಷನ್ ಆದ ಹೊಟ್ಟೆ ಹಿಡಿದುಕೊಂಡು ಕವಿತಾ ಹೊದಿಕೆಗಳ ಅಂಚಿನ ಹೊಲಿಗೆ ಬಿಚ್ಚಿ ಕೊಡುತ್ತ ಕೂತಳು. ಇನ್ನಿಬ್ಬರು ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರು, ಹೊಲಿಗೆ ಬರದು, ದಾರ ಪೋಣಿಸಿ ಕೊಟ್ಟರು. ಮಲ್ಲಿಕಾ ಬಾಗಿಲ ಬಳಿ ಒಂದು ಸಲ ನಿಂತಳು. ಜಯರಾಮ ಕಾರಿನಿಂದ ಹಾರ್ನ್ ಹೊಡೆದ. ಹೋದಳು.

ಎಂಟಕ್ಕೆ ಐದು ನಿಮಿಷವಿರುವಾಗ ಮೂವತ್ತೊಂದು ಅಂಗಿಗಳಾದವು. ಇನ್ನು ಒಂಬತ್ತು. ಬಟ್ಟೆ ಸ್ವಲ್ಪ ಉಳಿದಿತ್ತು, ನಾನು ಕತ್ತರಿ ಎತ್ತಿಕೊಂಡೆ. ಹಲೀನಾ ಕತ್ತರಿಗಾಗಿ ಕೈ ಚಾಚಿದರು.

"ಎಂಟು ಗಂಟೆ, ಮೇಟ್ರನ್."

"ಒಂಬತ್ತೇ ಉಳಿದಿರುವುದು. ಹೊತ್ತಾದರೂ ಮುಗಿಸುತ್ತೇನೆ."

"ದಣಿದ ಕೈ ಸೊಟ್ಟಗೆ ಹೊಲಿಯುತ್ತದೆ. ಇವರೆಲ್ಲ ಬೆಳಿಗ್ಗೆ ಪೆಟ್ಟಿಗೆ ಎತ್ತಬೇಕು. ಎಂಟು ಎಂದರೆ ಎಂಟು."

ಕತ್ತರಿ ಕೊಟ್ಟೆ. ಇಪ್ಪತ್ತೆರಡು ವರ್ಷ ನಾನು ಬೇರೆಯವರಿಗೆ ಹೇಳುತ್ತ ಬಂದ ಮಾತು ಅದು.

ಶನಿವಾರ, ಆರು ಗಂಟೆ

ವ್ಯಾನಿನ ಹಿಂಬಾಗಿಲು ತೆರೆದಿತ್ತು. ಮೂರು ಪೆಟ್ಟಿಗೆ ಹತ್ತಿದವು. ನಾಲ್ಕನೆಯದರ ಮುಂದೆ ಹಲೀನಾ ಮಂಡಿಯೂರಿ, 40 ಎಂಬುದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ 31 ಎಂದು ಬರೆದರು. ತಮ್ಮ ಸಹಿ ಹಾಕಿ, ಲೇಖನಿ ನನಗೆ ಕೊಟ್ಟರು. ತುಂಬಿದವರೂ ಸಹಿ ಹಾಕಬೇಕು, ಇದು ಅವರ ಕ್ರಮ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ನಾನು ಆ ಗೆರೆಯ ಪಕ್ಕದಲ್ಲಿ ಕನ್ನಡದಲ್ಲಿ ನನ್ನ ಹೆಸರು ಬರೆದೆ. ನನ್ನ ಕೈಬರಹ ಎಂದೂ ಅಷ್ಟು ಕೆಟ್ಟದಾಗಿ ಬಂದದ್ದಿಲ್ಲ.

ಮಧ್ಯಾಹ್ನ ಕವಿತಾಳ ಫೋನಿನಲ್ಲಿ ಸಂಘದ ಗುಂಪಿನ ಚಿತ್ರ ಬಂತು. ಶಾಲು ಹೊದ್ದ ಹಲೀನಾ, ಪಕ್ಕದಲ್ಲಿ ಹಲ್ಲು ಬಿಟ್ಟ ಜಯರಾಮ. ಕೆಳಗೆ, "ಉಕ್ರೇನ್ ವೀರರಿಗೆ ನಮ್ಮ ಸಂಘದಿಂದ ನಲವತ್ತು ಅಂಗಿ". ಎಪ್ಪತ್ತೆರಡು ಜನ ಕೈಮುಗಿದ ಗುರುತು ಹಾಕಿದ್ದರು. ನನ್ನನ್ನೂ ಆ ಗುಂಪಿಗೆ ಸೇರಿಸಿದ್ದರು. ನಾನು ಬರೆದೆ: ಮೂವತ್ತೊಂದು. ಸಂಘದ ಬಟ್ಟೆ ಒಂದು ಮೊಳವೂ ಇಲ್ಲ. ಐದು ನಿಮಿಷದಲ್ಲಿ ನನ್ನನ್ನು ಗುಂಪಿನಿಂದ ತೆಗೆದರು. ಆರನೆಯ ನಿಮಿಷಕ್ಕೆ ಜಯರಾಮ ಫೋನು ಮಾಡಿದ.

"ಒಂಬತ್ತು ಅಂಗಿಗೆ ಇಷ್ಟು ಸೂಡಾಗೋದಾ ದೊಡ್ಡವ್ವಾ? ಊರ್ ಮುಂದೆ ನನ್ ಮಾನ ಹೋಯ್ತು."

"ಒಂಬತ್ತು ಜನ ಬರೀ ಮೈಯಲ್ಲಿ ಮಲಗವ್ರೆ. ಅವರ ಮಾನದ ಲೆಕ್ಕ ಯಾರು ಇಡ್ತಾರೆ?" ಎಂದು ಫೋನು ಇಟ್ಟೆ.

ಸಿಟ್ಟು ಅವನೊಬ್ಬನ ಮೇಲಷ್ಟೇ ಇರಲಿಲ್ಲ. ಇನ್ನೊಬ್ಬರ ಕೈಗಳ ಪರವಾಗಿ ಮಾತು ಕೊಟ್ಟವಳು ನಾನು. ಆ ಕೈಗಳನ್ನು ಮೊದಲು ಕೇಳಿರಲಿಲ್ಲ. ಅಧ್ಯಕ್ಷನನ್ನು ಕೇಳಿ ಸುಮ್ಮನಾಗಿದ್ದೆ.

ಸೋಮವಾರ, ಕವಿತಾಳ ಮನೆ

ಬೆಳಿಗ್ಗೆ ಒಂಬತ್ತಕ್ಕೆ ಗಂಟೆ ಬಾರಿಸಿತು. ಬಾಗಿಲಲ್ಲಿ ಮಲ್ಲಿಕಾ. ತರಕಾರಿ ತರುವ ಗಾಲಿ ಚೀಲದಲ್ಲಿ ಹೊಲಿಗೆ ಯಂತ್ರ ತುಂಬಿಕೊಂಡು ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಮೇಲೆ ಹತ್ತು ಪಂಚೆಗಳು, ಕೆಲವಕ್ಕೆ ಇನ್ನೂ ಅಂಗಡಿಯ ಚೀಟಿ ಅಂಟಿಕೊಂಡಿತ್ತು.

"ಅವ್ರಿಗೆ ಹೇಳ್ಬೇಡಿ ದೊಡ್ಡವ್ವಾ. ಅಕ್ಕನ ಮನೆಗೆ ಹೋಗ್ತೀನಿ ಅಂದಿವ್ನಿ."

"ಶುಕ್ರವಾರ ಯಾಕೆ ಕೂರಲಿಲ್ಲ?" ನನ್ನ ದನಿ ಗಡುಸಾಗಿಯೇ ಇತ್ತು.

"ನನ್ನ ಯಾರು ಕೇಳುದ್ರು? ಹನ್ನೊಂದು ಶಾಲು ಇಸ್ತ್ರಿ ಮಾಡು ಅಂದ್ರು, ಮಾಡ್ದೆ. ಅಂಗಿ ಹೊಲಿತೀಯಾ ಅಂತ ಒಬ್ರಾದ್ರೂ ಕೇಳುದ್ರಾ? ನಮ್ಮವ್ವ ಸುಂಗುಡಿ ಸೀರೆಗೆ ಬಣ್ಣ ಅದ್ದೋಕೆ ಮುಂಚೆ ದಿನಕ್ಕೆ ಸಾವಿರ ದಾರದ ಗಂಟು ಕಟ್ಟೋಳು. ನನಗೆ ಹೊಲಿಗೆ ಬರದೇ ಇರ್ತದಾ?"

ನಾನು ಮೇಜು ಖಾಲಿ ಮಾಡಿ ಅವಳ ಯಂತ್ರಕ್ಕೆ ಜಾಗ ಕೊಟ್ಟೆ. ಸೋಮವಾರ, ಮಂಗಳವಾರ, ಬುಧವಾರ ಅವಳು ಒಂಬತ್ತಕ್ಕೆ ಬಂದು ಮೂರಕ್ಕೆ ಹೋದಳು. ಕಾಮಯಗೌಂಡನ್‌ಪಟ್ಟಿಯ ದ್ರಾಕ್ಷಿ ಚಪ್ಪರದಡಿ ಗೊಂಚಲು ಕತ್ತರಿಸುವ ಹೆಂಗಸರ ವೇಗ ಅವಳ ಕೈಗಿತ್ತು. ಕಣ್ಣು ಒಂದು ಗೊಂಚಲಿನ ಮೇಲಿದ್ದರೆ ಕೈ ಆಗಲೇ ಮುಂದಿನದಕ್ಕೆ ಹೋಗಿರುತ್ತದೆ. ಒಂದೆರಡು ನಾನೂ ಹೊಲಿದೆ. ಒಂಬತ್ತು ಅಂಗಿಗಳು ಮುಗಿದವು. ನಾನು ಮಡಚಿ, ಮೂಲೆ ಸರಿಮಾಡಿ, ಕಟ್ಟಿದೆ.

ಕೊನೆಯ ಗುರುವಾರ

ಎರಡು ದಿನ ಬಿಟ್ಟರೆ ನನ್ನ ವಿಮಾನ. ಎರಡಕ್ಕೆ ಹತ್ತು ನಿಮಿಷವಿರುವಾಗ ನಾನೂ ಮಲ್ಲಿಕಾಳೂ ಸಾಲಿನಲ್ಲಿ ನಿಂತೆವು. ಒಳಗೆ ಹೋಗಿ ಕಟ್ಟು ಬಿಚ್ಚಿ ಹಲೀನಾರ ಮುಂದಿಟ್ಟೆ. ಕೊಟ್ಟ ಮಾತು ತೀರಿಸಿದವಳ ಗತ್ತು ನನ್ನ ಮುಖದಲ್ಲಿ ಇದ್ದಿರಬೇಕು.

ಹಲೀನಾ ಕನ್ನಡಕ ಹಾಕಿಕೊಂಡು ಒಂದೊಂದು ಅಂಗಿಯ ಹೊಲಿಗೆಯ ಮೇಲೂ ಬೆರಳಾಡಿಸಿದರು. ಏಳನ್ನು ಬಲಕ್ಕೆ ಇಟ್ಟರು, ಎರಡನ್ನು ಎಡಕ್ಕೆ. ಆ ಎರಡು ನಾನು ಹೊಲಿದವು.

"ವೆಲ್ಕ್ರೋದ ಒರಟು ಮುಖ ಚರ್ಮದ ಕಡೆ ಬಂದಿದೆ. ಬಿಚ್ಚಬೇಕು, ಮೇಟ್ರನ್."

ಬಿಚ್ಚಿದೆ. ಅವರು ನೋಡುತ್ತಿರುವಾಗಲೇ ಮತ್ತೆ ಹೊಲಿದೆ. ಒಂಬತ್ತೂ ಬಲಕ್ಕೆ ಬಂದ ಮೇಲೆ ಹಲೀನಾ ಹೊಸ ಖಾಲಿ ಪೆಟ್ಟಿಗೆಯೊಂದನ್ನು ಎಳೆದು ಅದರಲ್ಲಿ ಹಾಕಿದರು.

"ಅದು ಹೋಯಿತು. ಇದು ಮುಂದಿನ ವ್ಯಾನಿಗೆ" ಎಂದರು. "ಇದಕ್ಕೆ ಇನ್ನು ಮೂವತ್ತೊಂದು ಬೇಕು."

ಪೆಟ್ಟಿಗೆಯ ಮೇಲೆ ಸಂಖ್ಯೆ ಬರೆಯಲು ಲೇಖನಿ ತೆಗೆದು, ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯಲಿಲ್ಲ. ಒಮ್ಮೆ ತೆರೆದು ಕಲಿತಿದ್ದೆ. ಮಲ್ಲಿಕಾಳ ಕಡೆ ತಿರುಗಿ, ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳಿ, "ನಿನ್ನನ್ನ ಕೇಳ್ತೀನಿ. ಆಗ್ತದಾ?" ಎಂದೆ.

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಜಯರಾಮನ ದನಿ ನನಗೂ ಕೇಳಿಸಿತು. ಎಲ್ಲಿದ್ದೀಯ, ಮುಂದಿನ ಗುರುವಾರ ಸಂಘದ ಕಾರ್ಯಕ್ರಮಕ್ಕೆ ಮೂವತ್ತು ಜನಕ್ಕೆ ಅಡುಗೆ ಆಗಬೇಕು ಎನ್ನುತ್ತಿದ್ದ.

"ಹಾಲಿನಲ್ಲಿ ಇವ್ನಿ" ಎಂದಳು ಮಲ್ಲಿಕಾ. "ಗುರುವಾರ ಆಗಾದು. ವೇಲೆ ಅದೆ, ಹೊಲಿಗೆ ಕೆಲಸ. ಅನ್ನ ನೀವು ಇಟ್ಕೊಳ್ಳಿ." ಫೋನು ಆರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ತೊಳೆಯುವ ಜಾಗ ಎಲ್ಲಿ ಎಂದು ಕೇಳಿದಳು.

ಹಲೀನಾ ಪೆಟ್ಟಿಗೆಯ ಮೇಲೆ 40 ಎಂದು ಬರೆದರು. ಕಪಾಟಿನಿಂದ ಒಂದು ಏಪ್ರನ್ ತೆಗೆದರು. ಮಲ್ಲಿಕಾ ತೊಳೆದ ಕೈಗಳನ್ನು ಅವರ ಮುಂದೆ ಚಾಚಿದಳು.